ಮಾತು ತಡವಾದ ಮಗುವೂ ಮನೆಯ ಕನ್ನಡವೂ

(ಸಂಘದ ಸಭೆಯಲ್ಲಿ ಅತಿಥಿ ವೈದ್ಯರು ನೀಡಿದ ಉಪನ್ಯಾಸದ ಪಠ್ಯ)



ವೈದ್ಯರನ್ನು ಇಂತಹ ಸಭೆಗೆ ಕರೆದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ, ಇವುಗಳಲ್ಲೊಂದನ್ನು ಕುರಿತು ಮಾತನಾಡುವುದು ವಾಡಿಕೆ. ತಮ್ಮ ಕಾರ್ಯದರ್ಶಿಗಳೂ ದೂರವಾಣಿಯಲ್ಲಿ ಸಕ್ಕರೆ ಕಾಯಿಲೆಯನ್ನೇ ಸೂಚಿಸಿದ್ದರು. ಬೇರೊಂದು ವಿಷಯಕ್ಕೆ ಅನುಮತಿ ಬೇಡಿದವರು ನಾವೇ. ಕಾರಣವಿಷ್ಟೆ. ದುಬೈಯಲ್ಲಾಗಲಿ ಅಬುಧಾಬಿಯಲ್ಲಾಗಲಿ ಕನ್ನಡಿಗರ ಯಾವ ಕೂಟಕ್ಕೆ ಹೋದರೂ ಅಲ್ಲಿ ಕಾಣದ ಒಂದೆರಡು ಕುಟುಂಬಗಳಿರುತ್ತವೆ. ಮಗುವಿಗೆ ಮೂರು ವರ್ಷ ತುಂಬುವವರೆಗೆ ರಾಜ್ಯೋತ್ಸವಕ್ಕೂ ಗಣೇಶನ ಹಬ್ಬಕ್ಕೂ ತಪ್ಪದೆ ಬರುತ್ತಿದ್ದವರು ಆಮೇಲೆ ಬರುವುದನ್ನು ನಿಲ್ಲಿಸಿರುತ್ತಾರೆ. ಯಾರೋ ಹಿರಿಯರು ಪ್ರೀತಿಯಿಂದಲೇ "ಇನ್ನೂ ಮಾತು ಬಂದಿಲ್ಲವೆ? ಎಷ್ಟು ವರ್ಷವಾಯಿತು?" ಎಂದು ಕೇಳಿರುತ್ತಾರೆ. ಆ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿಸಿಕೊಳ್ಳುವ ಶಕ್ತಿ ಆ ತಾಯಿಗೆ ಉಳಿದಿರುವುದಿಲ್ಲ.

ಇಂದಿನ ಮಾತು ಆ ಮಕ್ಕಳನ್ನು ಕುರಿತದ್ದು. ಡೌನ್ ಸಿಂಡ್ರೋಮ್ ಇರುವ ಮಕ್ಕಳು, ಆಟಿಸಂ ಅಥವಾ ಸ್ವಲೀನತೆಯ ಮಕ್ಕಳು, ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲುಗಳ ಜೊತೆಗೆ ನಾಲಿಗೆ ತುಟಿಗಳೂ ಹಿಡಿತಕ್ಕೆ ಬಾರದ ಮಕ್ಕಳು, ಕಿವಿ ಕೇಳದ ಮಕ್ಕಳು. ಎಷ್ಟೋ ವೇಳೆ ಒಂದೇ ಮಗುವಿನಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇರುತ್ತವೆ. ಇವರಿಗಾಗಿ ಈ ದೇಶದಲ್ಲಿ ಖಾಸಗಿಯಾಗಿ ದೊರೆಯುವ ವಾಕ್ ಮತ್ತು ಭಾಷಾ ಚಿಕಿತ್ಸೆಯ ವಿಚಾರವನ್ನು ಹೇಳುವವರಿದ್ದೇವೆ. ಅದರೊಡನೆ, ವೈದ್ಯರಾದ ನಾವು ಬಹುಕಾಲ ಕೊಡುತ್ತ ಬಂದ ಒಂದು ತಪ್ಪು ಸಲಹೆಯ ವಿಚಾರವನ್ನೂ ಹೇಳಬೇಕಾಗಿದೆ. ಎರಡನೆಯದರಿಂದಲೇ ಆರಂಭಿಸುತ್ತೇವೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಸಂಗತಿ. ಅಬುಧಾಬಿಯಲ್ಲಿ ನೆಲೆಸಿದ್ದ, ಕುಂದಾಪುರದ ಕಡೆಯ ಒಂದು ಕುಟುಂಬ ನಮ್ಮ ಬಳಿಗೆ ಬಂದಿತ್ತು. ಡೌನ್ ಸಿಂಡ್ರೋಮ್ ಇದ್ದ ನಾಲ್ಕು ವರ್ಷದ ಗಂಡುಮಗು. ಹತ್ತು ಹನ್ನೆರಡು ಶಬ್ದಗಳನ್ನಷ್ಟೇ ಆಡುತ್ತಿದ್ದನು. ಅವುಗಳಲ್ಲಿ ಹೆಚ್ಚಿನವು ಕನ್ನಡದವು. ತಾಯಿ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ. ಮುಗಿಸಿದವರು. "ಇವನೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು?" ಎಂದು ಅವರು ಕೇಳಿದರು. ನಾವು ಒಂದು ಕ್ಷಣವೂ ಯೋಚಿಸಲಿಲ್ಲ. ಶಾಲೆ ಇಂಗ್ಲಿಷಿನದು, ಚಿಕಿತ್ಸೆ ಇಂಗ್ಲಿಷಿನದು, ಈ ಮಗುವಿಗೆ ಒಂದು ಭಾಷೆಯೇ ಭಾರ, ಆದುದರಿಂದ ಮನೆಯಲ್ಲಿ ಕನ್ನಡವನ್ನು ನಿಲ್ಲಿಸಿ ಇಂಗ್ಲಿಷ್ ಒಂದನ್ನೇ ಆಡಿ ಎಂದೆವು. ವಿದೇಶದಲ್ಲಿ ನಾವು ರೆಸಿಡೆನ್ಸಿ ಮಾಡುತ್ತಿದ್ದ ಕಾಲದಲ್ಲಿ ಹಿರಿಯ ವೈದ್ಯರು ವಲಸೆ ಬಂದ ಕುಟುಂಬಗಳಿಗೆಲ್ಲ ಹೇಳುತ್ತಿದ್ದುದು ಇದನ್ನೇ. ಅದಕ್ಕೆ ಆಧಾರವೇನೆಂದು ಕೇಳಬೇಕೆಂದು ನಮಗೆ ಆಗ ತೋಚಿರಲಿಲ್ಲ.

ಆ ದಂಪತಿಗಳು ನಮ್ಮ ಮಾತನ್ನು ಅಕ್ಷರಶಃ ಪಾಲಿಸಿದರು. ಐದು ವರ್ಷಗಳ ಅನಂತರ ಅವನಿಗೆ ಹೊಸ ವಾಕ್ ಚಿಕಿತ್ಸಕಿಯೊಬ್ಬರು ದೊರೆತರು. ಮೈಸೂರಿನಲ್ಲಿ ತರಬೇತಿ ಪಡೆದವರು. ಮೊದಲ ದಿನ ಅವರು ಮಗುವನ್ನು ಪರೀಕ್ಷಿಸುವುದಕ್ಕೆ ಮುನ್ನ ತಾಯಿಯನ್ನು ಕೇಳಿದರಂತೆ: "ಇವನ ಮೇಲೆ ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಗದರುತ್ತೀರಿ? ಮಲಗಿಸುವಾಗ ಯಾವ ಭಾಷೆಯಲ್ಲಿ ಸಮಾಧಾನ ಹೇಳುತ್ತೀರಿ?" ತಾಯಿಯ ಬಳಿ ಉತ್ತರವಿರಲಿಲ್ಲ. ಆ ವಾರವೇ ಅವರು ನಮ್ಮನ್ನು ಕಾಣಲು ಬಂದರು. "ಡಾಕ್ಟರೇ, ನನಗೆ ಬರುತ್ತಿದ್ದ ಇಂಗ್ಲಿಷ್ ಕಮ್, ಸಿಟ್, ಈಟ್, ನೋ ಇಷ್ಟೇ. ಐದು ವರ್ಷ ನನ್ನ ಮಗನ ಹತ್ತಿರ ನಾನು ಮಾತೇ ಆಡಲಿಲ್ಲ. ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಬಂದು ಮೂರು ತಿಂಗಳು ಇದ್ದರು. ಮೊಮ್ಮಗನ ಹತ್ತಿರ ಮಾತಾಡಬೇಡಿ, ಅವನಿಗೆ ಗೊಂದಲವಾಗುತ್ತದೆ ಎಂದು ನಾನೇ ಹೇಳಿದೆ. ಅವರು ಅಡುಗೆಮನೆಯಲ್ಲಿಯೇ ಇದ್ದು ಹೋದರು" ಎಂದರು. ಅವರ ಸ್ವರದಲ್ಲಿ ಕೋಪವಿರಲಿಲ್ಲ. ಅದಿದ್ದಿದ್ದರೆ ನಮಗೆ ಕೇಳಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಆ ಸಲಹೆ ಏಕೆ ತಪ್ಪು? ಎರಡು ಭಾಷೆಗಳು ಸೇರಿದರೆ ಮಗುವಿನ ಪುಟ್ಟ ತಲೆಯೊಳಗೆ ಸ್ಥಳ ಸಾಲದೆಂಬುದು ಹಳೆಯ ಕಲ್ಪನೆ. ಇದನ್ನು ಪರೀಕ್ಷಿಸಿದವರು ಕೆನಡಾದ ಸಂಶೋಧಕರು, ಏಕೆಂದರೆ ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ನಡೆಯುವ ಆ ದೇಶದಲ್ಲಿ ಈ ಪ್ರಶ್ನೆ ಮನೆಮನೆಯದು. ಡೌನ್ ಸಿಂಡ್ರೋಮ್ ಇದ್ದು ಎರಡು ಭಾಷೆಗಳಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು, ಅದೇ ಸ್ಥಿತಿಯಲ್ಲಿದ್ದು ಒಂದೇ ಭಾಷೆಯಲ್ಲಿ ಬೆಳೆಯುತ್ತಿದ್ದ ಮಕ್ಕಳೊಡನೆ ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮಕ್ಕಳ ಸಂಖ್ಯೆ ಚಿಕ್ಕದು, ಫಲಿತಾಂಶ ಮಾತ್ರ ಸ್ಪಷ್ಟ: ಎರಡನೆಯ ಭಾಷೆಯಿಂದ ಇಂಗ್ಲಿಷಿಗೆ ಹಾನಿಯಾಗಿರಲಿಲ್ಲ. ಸ್ವಲೀನತೆಯ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿಯೂ, ದ್ವಿಭಾಷಾ ಮನೆಯ ಮಕ್ಕಳು ಏಕಭಾಷಾ ಮನೆಯ ಮಕ್ಕಳಿಗಿಂತ ಹಿಂದುಳಿದಿರಲಿಲ್ಲ. ಮಾತು ತಡವಾಗುವುದಕ್ಕೆ ಕಾರಣ ಮಗುವಿನ ಸ್ಥಿತಿಯೇ ಹೊರತು ಮನೆಯ ಭಾಷೆಯಲ್ಲ. ಭಾಷೆಯೊಂದನ್ನು ಕಳೆದರೆ ಸ್ಥಿತಿ ಬದಲಾಗುವುದಿಲ್ಲ. ಕಳೆದುಹೋಗುವುದು ಆ ಭಾಷೆಯಲ್ಲಿ ಮಗುವಿನೊಡನೆ ಮಾತನಾಡಬಲ್ಲ ಜನರು.

ಇದರಲ್ಲಿ ಒಂದು ಸರಳ ಗಣಿತವೂ ಇದೆ. ನಾಲ್ಕು ವರ್ಷದ ಮಗು ದಿನಕ್ಕೆ ಹದಿಮೂರು ಗಂಟೆ ಎಚ್ಚರವಾಗಿರುತ್ತದೆ ಎಂದಿಟ್ಟುಕೊಳ್ಳೋಣ. ವಾರಕ್ಕೆ 91 ಗಂಟೆ. ವಾರಕ್ಕೆ ಎರಡು ಬಾರಿ, ಪ್ರತಿಸಲ 45 ನಿಮಿಷದಂತೆ ಚಿಕಿತ್ಸೆ ಕೊಡಿಸಿದರೆ ಅದು ಒಂದೂವರೆ ಗಂಟೆ. ಒಂದು ಅವಧಿಗೆ ಮುನ್ನೂರು ದಿರಹಮಿನಂತೆ ಲೆಕ್ಕ ಹಾಕಿದರೂ ತಿಂಗಳಿಗೆ 2,400 ದಿರಹಮು ಹೋಯಿತು. ಅಷ್ಟು ಹಣ ತೆತ್ತು ಪಡೆದ ಒಂದೂವರೆ ಗಂಟೆಯ ಹಿಂದೆ ಉಳಿದ ಎಂಬತ್ತೊಂಬತ್ತೂವರೆ ಗಂಟೆಗಳಿವೆ. ಶಾಲೆಯ ವೇಳೆಯನ್ನು ಕಳೆದರೂ ಉಳಿಯುವುದು ಸಣ್ಣ ಮೊತ್ತವಲ್ಲ. ಸ್ನಾನ, ಊಟ, ಲಿಫ್ಟಿಗೆ ಕಾಯುವುದು, ಕಾರಿನ ಹಿಂದಿನ ಸೀಟು, ಮಲಗುವ ಹೊತ್ತು. ಈ ಗಂಟೆಗಳು ತಾಯಿತಂದೆಗೆ ಸಲೀಸಾಗಿ ಬರುವ ಭಾಷೆಯಿಂದ ತುಂಬಬೇಕು. ತಡವರಿಸುವ ಇಂಗ್ಲಿಷಿನಿಂದ ಅವನ್ನು ತುಂಬಲು ಹೋದರೆ ಆಜ್ಞೆಗಳು ಮಾತ್ರ ಉಳಿಯುತ್ತವೆ. ಕಥೆ, ತಮಾಷೆ, ಹಠ ಬಿಡಿಸುವ ಮಾತು, ಯಾವುದೂ ಬರುವುದಿಲ್ಲ. ಇಲ್ಲಿ ಕನ್ನಡವೆಂದಾಗ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇವೆ. ಮನೆಯಲ್ಲಿ ನಿಜವಾಗಿ ಇಂಗ್ಲಿಷನ್ನೇ ಸಹಜವಾಗಿ ಆಡುವ ದಂಪತಿಗಳಿದ್ದರೆ ಅವರು ಇಂಗ್ಲಿಷನ್ನೇ ಆಡಲಿ, ಅದಕ್ಕೆ ನಮ್ಮ ಆಕ್ಷೇಪಣೆ ಇಲ್ಲ.

ಕನ್ನಡಕ್ಕೆ ಮತ್ತೊಂದು ಅನುಕೂಲವೂ ಇದೆ. ಇದನ್ನು ನಮಗೆ ತಿಳಿಸಿಕೊಟ್ಟವರು ಆ ಮೈಸೂರಿನ ಚಿಕಿತ್ಸಕಿಯೇ. ನಮ್ಮ ದಿನಬಳಕೆಯ ಶಬ್ದಗಳು ಬಹುಪಾಲು ಸ್ವರದಲ್ಲಿಯೇ ಮುಗಿಯುತ್ತವೆ. ಹಾಲು, ನೀರು, ಅನ್ನ, ಬೇಕು, ಬೇಡ, ಬಾ, ಕೊಡು. ಇಂಗ್ಲಿಷಿನಲ್ಲಿ ಹಾಲು ಬೇಕೆಂದರೆ 'ಮಿಲ್ಕ್' ಎಂದು ಕೊನೆಯಲ್ಲಿ ಎರಡು ವ್ಯಂಜನಗಳನ್ನು ಒತ್ತರಿಸಿ ಹೇಳಬೇಕು; 'ವಾಂಟ್' ಎಂಬುದರ ಕೊನೆಯೂ ಹಾಗೆಯೇ. ನಾಲಿಗೆ ಹಿಡಿತಕ್ಕೆ ಬಾರದ ಮಗುವಿಗೆ ಇದು ಏರು ಮೆಟ್ಟಿಲು. 'ಬೇಕು', 'ಬೇಡ' ಎಂಬಲ್ಲಿಯ ಬಕಾರವಾದರೋ ತುಟಿ ಮುಚ್ಚಿ ತೆರೆದರೆ ಹುಟ್ಟುತ್ತದೆ. ತಾಯಿಯ ಮುಖ ನೋಡಿ ಕಲಿಯಬಹುದು. ಎಲ್ಲ ಕನ್ನಡ ಶಬ್ದಗಳೂ ಸುಲಭವೆಂದು ಇದರ ಅರ್ಥವಲ್ಲ. ರಕಾರ, ಳಕಾರ, ಶಕಾರಗಳು ಯಾವ ಮಗುವಿಗಾದರೂ ತಡವಾಗಿಯೇ ಬರುತ್ತವೆ. ಮೂರು ವರ್ಷದ ಮಗು ರಾಮನನ್ನು ಲಾಮನೆಂದರೆ ಯಾರೂ ಗಾಬರಿಪಡಬೇಕಾಗಿಲ್ಲ.

ಮೈಸೂರಿನ ಹೆಸರು ಬಂದಿತಾದ್ದರಿಂದ ಅದರ ವಿಚಾರವನ್ನು ಸ್ವಲ್ಪ ವಿಸ್ತರಿಸಲು ಅನುಮತಿ ಇರಲಿ. ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪಿತವಾದುದು. ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದುದು. ಭಾರತದಲ್ಲಿ ಈ ವಿದ್ಯೆಗೆ ಮೊದಲು ನೆಲೆಯೊದಗಿಸಿದ ಸಂಸ್ಥೆಗಳಲ್ಲಿ ಅದಕ್ಕೆ ಪ್ರಮುಖ ಸ್ಥಾನವಿದೆ. ಕನ್ನಡ ಹವ್ಯಾಸಿ ರಂಗಭೂಮಿಯನ್ನು ಬಲ್ಲವರಿಗೆ ನಾಟಕಕಾರ ನ. ರತ್ನ ಅವರ ಹೆಸರು ಪರಿಚಿತ. ಅದೇ ರತ್ನ ಅವರು ಈ ಸಂಸ್ಥೆಯ ನಿರ್ದೇಶಕರಾಗಿದ್ದರೆಂಬುದು ಹಲವರಿಗೆ ತಿಳಿದಿರಲಾರದು. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಅಳೆಯಲು 1972ರಲ್ಲಿ ರಚಿತವಾದ ಪರೀಕ್ಷೆಯ ಕರ್ತೃಗಳಲ್ಲಿ ಅವರೂ ಒಬ್ಬರು. ಅಂದರೆ, ನಮ್ಮ ಭಾಷೆಯ ಮಗುವನ್ನು ನಮ್ಮ ಭಾಷೆಯಲ್ಲಿಯೇ ಪರೀಕ್ಷಿಸುವ ವಿದ್ಯೆ ಅರ್ಧ ಶತಮಾನದಿಂದ ನಮ್ಮಲ್ಲಿಯೇ ಇದೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು 2000ದಲ್ಲಿ ಆರಂಭಿಸಿದ ಕಾಮ್ ಡೀಲ್ ಕಾರ್ಯಕ್ರಮವು ಸ್ವಲೀನತೆಯ ಎಳೆಯ ಮಕ್ಕಳಿಗೆ ಭಾಷೆ, ಚಲನೆ, ಸಾಮಾಜಿಕ ನಡವಳಿಕೆ ಎಲ್ಲವನ್ನೂ ಒಟ್ಟಿಗೆ ಕಲಿಸುವ ಪದ್ಧತಿ. ಮಂಗಳೂರು, ಮಣಿಪಾಲಗಳ ಕಾಲೇಜುಗಳಲ್ಲಿಯೂ ಈ ಶಿಕ್ಷಣವಿದೆ. ಇವನ್ನೆಲ್ಲ ಹೇಳುವ ಉದ್ದೇಶ ಊರಿನ ಹೊಗಳಿಕೆಯಲ್ಲ. ತಾವು ಜುಲೈ ಆಗಸ್ಟಿನಲ್ಲಿ ರಜೆಗೆ ಹೋಗುವಾಗ ಮಗುವನ್ನು ಅಲ್ಲಿಯ ಹೊರರೋಗಿ ವಿಭಾಗದಲ್ಲಿ ತೋರಿಸಿ, ಕನ್ನಡದಲ್ಲಿ ಮಾಡಿದ ಪರೀಕ್ಷೆಯ ವರದಿಯನ್ನು ತಂದು ಇಲ್ಲಿಯ ಚಿಕಿತ್ಸಕರ ಕೈಗೆ ಕೊಡಬಹುದು. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದಾಗ ಏಳು ಶಬ್ದಗಳ ಮಗುವೆಂದು ಬರೆಸಿಕೊಂಡವನಲ್ಲಿ ಕನ್ನಡದ ನಲವತ್ತು ಶಬ್ದಗಳಿದ್ದುದನ್ನು ನಾವು ಕಂಡಿದ್ದೇವೆ.

ರಜೆಯಲ್ಲಿ ಊರಿಗೆ ಹೋದಾಗ ಮಗುವಿಗೆ ಮಾತು ಬಂತೆಂದು ಅನೇಕರು ಹೇಳುವುದುಂಟು. ಕೆಲವರು ಅದನ್ನು ಗಾಳಿ ನೀರಿನ ಗುಣವೆನ್ನುತ್ತಾರೆ, ಮತ್ತೆ ಕೆಲವರು ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದರ ಫಲವೆನ್ನುತ್ತಾರೆ. ಕೊಲ್ಲೂರಿಗೆ ಹರಕೆ ಹೊರಬೇಡಿ ಎನ್ನುವವರು ನಾವಲ್ಲ. ಆದರೆ ಊರಿನ ಮನೆಯಲ್ಲಿ ನಡೆಯುವುದೇನೆಂದು ಗಮನಿಸಿ. ಹತ್ತು ಜನ ಮಾತಾಡುತ್ತಿರುತ್ತಾರೆ. ಚಿಕ್ಕಪ್ಪನ ಮಕ್ಕಳು ಮಗುವನ್ನು ಆಟಕ್ಕೆ ಎಳೆದುಕೊಳ್ಳುತ್ತಾರೆ. ಅಂಗಳದಲ್ಲಿ ದನ, ಕೋಳಿ, ಬಾವಿ, ಎಲ್ಲಕ್ಕೂ ಹೆಸರಿದೆ, ಎಲ್ಲವನ್ನೂ ಯಾರಾದರೊಬ್ಬರು ಬೆರಳಿಟ್ಟು ತೋರಿಸುತ್ತಾರೆ. ಇಲ್ಲಿ ಹದಿನಾಲ್ಕನೆಯ ಮಹಡಿಯ ಎರಡು ಕೋಣೆಗಳಲ್ಲಿ ತಾಯಿ, ಮಗು ಮತ್ತು ಒಂದು ಟ್ಯಾಬ್ಲೆಟ್. ತಂದೆ ದುಬೈಯಿಂದ ಅಬುಧಾಬಿಗೆ ಹೋಗಿ ಬರುವವರಾದರೆ ಮಗು ಎದ್ದಿರುವಾಗ ಮನೆಯಲ್ಲಿರುವುದೇ ಅಪರೂಪ. ಈ ವ್ಯತ್ಯಾಸಕ್ಕೆ ಬಜೆಯ ಬೇರು ಕಾರಣವಲ್ಲ.

ಇನ್ನು ವಾಕ್ ಚಿಕಿತ್ಸೆಯೆಂದರೆ ಏನೆಂಬ ವಿಚಾರ. ಕನ್ನಡಿಯ ಮುಂದೆ ಕುಳ್ಳಿರಿಸಿ ಆ, ಈ, ಊ ಹೇಳಿಸುವುದೆಂದು ಹಲವರ ಎಣಿಕೆ. ಅದಕ್ಕೆ ಮುಂಚೆ ಆಗಬೇಕಾದ ಕೆಲಸಗಳಿವೆ. ಎಲ್ಲಕ್ಕಿಂತ ಮೊದಲನೆಯದು ಕಿವಿಯ ಪರೀಕ್ಷೆ. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ, ಆದುದರಿಂದ ಕಿವಿ ಚೆನ್ನಾಗಿದೆ ಎಂದು ತಂದೆಯರು ವಾದಿಸುತ್ತಾರೆ. ಬಾಗಿಲಿನ ಸದ್ದು ಕೇಳುವ ಕಿವಿಗೆ ಸಕಾರ, ತಕಾರ ಕೇಳದಿರಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿಯೂ ಸೀಳಂಗುಳಿನ ಮಕ್ಕಳಲ್ಲಿಯೂ ನಡುಗಿವಿಯಲ್ಲಿ ದ್ರವ ನಿಂತು ಕೇಳ್ಮೆ ಮಂದವಾಗುವುದು ಬಹಳ ಸಾಮಾನ್ಯ, ಮತ್ತು ಅದು ಬಂದು ಹೋಗುತ್ತಿರುತ್ತದೆ. ಒಂದು ಸಲ ಪರೀಕ್ಷಿಸಿ ಬಿಟ್ಟರೆ ಸಾಲದು. ಮಾತಾಡದ, ಸಹಕರಿಸದ ಮಗುವಿಗೂ ನಿದ್ದೆಯಲ್ಲಿ ಮಾಡಬಹುದಾದ ಪರೀಕ್ಷೆಗಳಿವೆ.

ಎರಡನೆಯದು ನುಂಗುವಿಕೆ. ಇದನ್ನು ಕೇಳಿ ತಮಗೆ ಆಶ್ಚರ್ಯವಾಗಬಹುದು. ಮಾತಿನ ಸ್ನಾಯುಗಳೇ ಊಟದ ಸ್ನಾಯುಗಳಾದುದರಿಂದ ನುಂಗುವ ತೊಂದರೆಯ ಚಿಕಿತ್ಸೆಯೂ ವಾಕ್ ಚಿಕಿತ್ಸಕರದೇ. ಸೆರೆಬ್ರಲ್ ಪಾಲ್ಸಿಯ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ತೆಳ್ಳಗಿನ ಗಂಜಿಯನ್ನು ಚಮಚದಿಂದ ಬಾಯಿಗೆ ಸುರಿಯುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ತಾಯಿಯ ಪ್ರೀತಿಗೆ ಕೊರತೆಯಿಲ್ಲ. ಆದರೆ ಆ ಭಂಗಿಯಲ್ಲಿ ಗಂಜಿ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಊಟದ ನಡುವೆ ಕೆಮ್ಮು, ಊಟವಾದ ಮೇಲೆ ಗೊರಗೊರ ಎನ್ನುವ ಸ್ವರ, ಮತ್ತೆ ಮತ್ತೆ ನ್ಯುಮೋನಿಯಾ, ತೂಕ ಏರದಿರುವುದು, ಪ್ರತಿ ಊಟಕ್ಕೂ ಅರ್ಧ ಗಂಟೆಗಿಂತ ಬಹಳ ಹೆಚ್ಚು ಹಿಡಿಯುವುದು, ಇವು ಎಚ್ಚರಿಕೆಯ ಲಕ್ಷಣಗಳು. ಕೆಲವು ಮಕ್ಕಳಲ್ಲಿ ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ಅವರೇ ಹೆಚ್ಚಿನ ಅಪಾಯದಲ್ಲಿರುವವರು. ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸುತ್ತ ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆಯಿಂದ ಇದನ್ನು ಕಂಡುಹಿಡಿಯಬಹುದು. ಮಗುವನ್ನು ನೆಟ್ಟಗೆ ಕುಳ್ಳಿರಿಸುವುದು, ತಲೆಗೆ ಆಧಾರ ಕೊಡುವುದು, ರಾಗಿ ಮಣ್ಣಿಯಂತಹ ಆಹಾರ ಎಷ್ಟು ಮಂದವಾಗಿದ್ದರೆ ಆ ಮಗುವಿಗೆ ಸುರಕ್ಷಿತವೆಂದು ನಿರ್ಧರಿಸುವುದು, ಇವನ್ನೆಲ್ಲ ಚಿಕಿತ್ಸಕರು ಹೇಳಿಕೊಡುತ್ತಾರೆ. ಇದನ್ನು ಮಾತಿಗಿಂತ ಮೊದಲು ನೋಡಿಕೊಳ್ಳಬೇಕು. ಮಾತಿಗಾಗಿ ಕಾಯಬಹುದು, ಶ್ವಾಸಕೋಶಕ್ಕಾಗಿ ಕಾಯಲಾಗದು.

ಮೂರನೆಯದು, ಮಾತು ಬಾರದಿದ್ದರೂ ಸಂವಹನ ನಡೆಯುವಂತೆ ಮಾಡುವುದು. ಚಿತ್ರಪಟಗಳು, ಸನ್ನೆಗಳು, ಚಿತ್ರವನ್ನು ಮುಟ್ಟಿದರೆ ಧ್ವನಿ ಹೊರಡಿಸುವ ಟ್ಯಾಬ್ಲೆಟ್ಟಿನ ತಂತ್ರಾಂಶಗಳು. ಚೆನ್ನೈಯಲ್ಲಿ ರೂಪುಗೊಂಡ 'ಆವಾಜ್' ಅಂತಹುದೊಂದು. ಯಂತ್ರವನ್ನು ಕೊಟ್ಟರೆ ಮಗು ಮಾತಾಡುವ ಪ್ರಯತ್ನವನ್ನೇ ಬಿಟ್ಟುಬಿಡುವುದಿಲ್ಲವೆ ಎಂಬುದು ತಂದೆತಾಯಿಯರ ಭಯ. ಈ ಭಯವೂ ನಮ್ಮಂತಹ ವೈದ್ಯರೇ ಬಿತ್ತಿದ್ದು. 2006ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯಲ್ಲಿ, ಇಂತಹ ಸಾಧನಗಳನ್ನು ಬಳಸಿದವರ ಪೈಕಿ ನೆಚ್ಚಬಹುದಾದ ದಾಖಲೆಯಿದ್ದ 27 ಮಂದಿಯನ್ನು ಪರಿಶೀಲಿಸಿದ್ದಾರೆ. ಶೇಕಡಾ 89ರಷ್ಟು ಜನರಲ್ಲಿ ಮಾತು ಹೆಚ್ಚಿತ್ತು, ಉಳಿದವರಲ್ಲಿ ಇದ್ದಷ್ಟೇ ಇತ್ತು, ಒಬ್ಬರಲ್ಲಿಯೂ ಕಡಿಮೆಯಾಗಿರಲಿಲ್ಲ. ಆದುದರಿಂದ ಚಿತ್ರಪಟಕ್ಕೆ ಹೆದರಬೇಡಿ. ಕೊಳ್ಳುವ ಶಕ್ತಿ ಇಲ್ಲದಿದ್ದರೆ ರಟ್ಟಿನ ಮೇಲೆ ಎಂಟು ಚಿತ್ರ ಅಂಟಿಸಿ, ಕೆಳಗೆ ಕನ್ನಡದಲ್ಲಿ ಬರೆಯಿರಿ. ಮಗುವಿಗೆ ಓದಲು ಬರಬೇಕೆಂದಲ್ಲ. ಅಜ್ಜ, ಅಪ್ಪ, ಮನೆಗೆ ಬಂದ ನೆಂಟರು, ಎಲ್ಲರೂ ಚಿತ್ರ ತೋರಿಸುವಾಗ ಒಂದೇ ಶಬ್ದವನ್ನು ಹೇಳಲೆಂದು.

ಮನೆಯಲ್ಲಿ ಮಾಡಬೇಕಾದುದು ಇದಕ್ಕಿಂತ ಕಠಿಣವೇನಲ್ಲ, ಆದರೆ ನಮ್ಮ ಸ್ವಭಾವಕ್ಕೆ ಸ್ವಲ್ಪ ವಿರುದ್ಧ. ಮಗು ಕೇಳುವ ಮೊದಲೇ ಕೊಡುವುದು ನಮ್ಮ ಪ್ರೀತಿಯ ರೀತಿ. ಬಾಟಲಿಯತ್ತ ಕಣ್ಣು ಹೊರಳಿದರೆ ಸಾಕು, ನೀರು ಬಾಯಿಗೆ ಬಂದಿರುತ್ತದೆ. ಮಾತಿಗೆ ಕೆಲಸವೇ ಇಲ್ಲ. ಹಾಲು ಬೇಕೆ, ನೀರು ಬೇಕೆ ಎಂದು ಎರಡನ್ನೂ ತೋರಿಸಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಹತ್ತು ಎಣಿಕೆ ತಾಯಿಗೆ ಯುಗವಾಗುತ್ತದೆ. ಕೈ, ಕಣ್ಣು, ಸ್ವರ, ಯಾವುದರಿಂದ ಉತ್ತರ ಬಂದರೂ ಅದು ಉತ್ತರವೇ. ಜೊತೆಗೆ, ನೆಂಟರ ಮುಂದೆ ನಿಲ್ಲಿಸಿ "ನಿನ್ನ ಹೆಸರೇನು ಹೇಳು, ಒಂದು ಹಾಡು ಹೇಳು" ಎಂದು ಪರೀಕ್ಷೆ ಮಾಡುವುದನ್ನು ದಯವಿಟ್ಟು ನಿಲ್ಲಿಸಿ.

ಈ ದೇಶದ ವ್ಯವಸ್ಥೆಯ ವಿಚಾರಕ್ಕೆ ಬರೋಣ. ಶಾರ್ಜಾದ ಮಾನವೀಯ ಸೇವೆಗಳ ಕೇಂದ್ರ 1979ರಲ್ಲಿ, ದುಬೈಯ ಅಲ್ ನೂರ್ ಕೇಂದ್ರ 1981ರಲ್ಲಿ, ದುಬೈ ಆಟಿಸಂ ಕೇಂದ್ರ 2001ರಲ್ಲಿ ಆರಂಭವಾದವು. 2006ರ 29ನೆಯ ಸಂಯುಕ್ತ ಕಾನೂನು ಅಂಗವಿಕಲರ ಹಕ್ಕುಗಳನ್ನು ಮಾನ್ಯ ಮಾಡಿತು. 2017ರಲ್ಲಿ ಸರಕಾರವು ಹಳೆಯ ಪದಗಳನ್ನು ಕೈಬಿಟ್ಟು ಅರಬ್ಬಿಯಲ್ಲಿ 'ಅಸ್ಹಾಬ್ ಅಲ್ ಹಿಮಮ್', ಎಂದರೆ ದೃಢಸಂಕಲ್ಪದವರು, ಎಂಬ ಹೆಸರನ್ನು ಬಳಕೆಗೆ ತಂದಿತು. ಅದೇ ವರ್ಷ ದುಬೈಯ ಶಿಕ್ಷಣ ಪ್ರಾಧಿಕಾರವು ಖಾಸಗಿ ಶಾಲೆಗಳಿಗೂ ಅನ್ವಯಿಸುವ ಸಮನ್ವಯ ಶಿಕ್ಷಣ ನೀತಿಯನ್ನು ಪ್ರಕಟಿಸಿತು. ಹೆಸರು ಗೌರವದ್ದಾಯಿತು, ನೀತಿಯೂ ಒಳ್ಳೆಯದೇ. ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ಸಹಾಯಕಿಯ ಸಂಬಳವನ್ನು ಮಾತ್ರ ಅನೇಕ ಕಡೆ ತಂದೆತಾಯಿಯರೇ ಕೊಡಬೇಕಾಗಿದೆ. ಧರ್ಮಾರ್ಥ ಕೇಂದ್ರಗಳಲ್ಲಿ ಸರದಿ ಉದ್ದವಾದುದರಿಂದ ಬಹುಪಾಲು ಭಾರತೀಯ ಕುಟುಂಬಗಳಿಗೆ ಖಾಸಗಿ ಚಿಕಿತ್ಸಾಲಯವೇ ಗತಿ.

ಅಲ್ಲಿಗೆ ಹೋಗುವಾಗ ಸಂಕೋಚ ಬಿಟ್ಟು ಕೆಲವು ಮಾತು ಕೇಳಬೇಕು. ಚಿಕಿತ್ಸಕರಿಗೆ ದುಬೈಯಲ್ಲಾದರೆ ದುಬೈ ಆರೋಗ್ಯ ಪ್ರಾಧಿಕಾರದ, ಅಬುಧಾಬಿಯಲ್ಲಾದರೆ ಅಲ್ಲಿಯ ಆರೋಗ್ಯ ಇಲಾಖೆಯ ಪರವಾನಗಿ ಇದೆಯೆ? ಭಾರತದಲ್ಲಿ ಕಲಿತವರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇತ್ತೆ? ಮೂರು ತಿಂಗಳಲ್ಲಿ ಏನನ್ನು ಸಾಧಿಸಬೇಕೆಂದಿದ್ದಾರೆ, ಅದನ್ನು ಬರೆದುಕೊಡುತ್ತಾರೆಯೆ? "ಮಾತು ಸುಧಾರಿಸುವುದು" ಎಂದು ಬರೆದರೆ ಒಪ್ಪಬೇಡಿ. "ಹತ್ತರಲ್ಲಿ ಎಂಟು ಸಲ, ಬೇಕಾದುದನ್ನು ತಾನಾಗಿ ತೋರಿಸಿ ಕೇಳುವುದು" ಎಂದು ಬರೆದರೆ ಅದು ಗುರಿ. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ಕೋಣೆಯೊಳಗೆ ತಾಯಿಯನ್ನು ಕುಳ್ಳಿರಿಸಿಕೊಳ್ಳುತ್ತಾರೆಯೆ? ಬಾಗಿಲು ಮುಚ್ಚಿ, 45 ನಿಮಿಷವಾದ ಮೇಲೆ ಮಗುವನ್ನೂ ರಸೀದಿಯನ್ನೂ ಕೈಗೆ ಕೊಡುವ ಕಡೆಗೆ ಹೋಗಬೇಡಿ. ಕನ್ನಡ ಬಲ್ಲ ಚಿಕಿತ್ಸಕರು ದೊರೆಯುವುದು ಅಪರೂಪ. ಅದೇನೂ ದೊಡ್ಡ ಅಡ್ಡಿಯಲ್ಲ. ಮಲಯಾಳಿ ಚಿಕಿತ್ಸಕಿಯೊಬ್ಬರು ತಾಯಿಗೆ ವಿಧಾನವನ್ನು ಇಂಗ್ಲಿಷಿನಲ್ಲಿ ಕಲಿಸಿ, ಶಬ್ದಗಳನ್ನು ತಾಯಿಯಿಂದ ಕನ್ನಡದಲ್ಲಿ ಹೇಳಿಸಿ, ಚೆನ್ನಾಗಿ ನಡೆಸಿಕೊಂಡು ಹೋದ ಉದಾಹರಣೆ ನಮ್ಮ ಕಣ್ಣಮುಂದಿದೆ.

ವಿಮೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಅಬುಧಾಬಿ ಮೊದಲು, ಆಮೇಲೆ 2013ರ ಕಾನೂನಿನ ಮೂಲಕ ದುಬೈ, ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡಿದವು. ಆದರೆ ಅನೇಕ ವಿಮಾಪತ್ರಗಳು ಅಪಘಾತದಿಂದ ಕಳೆದುಹೋದ ಮಾತಿನ ಚಿಕಿತ್ಸೆಗೆ ಹಣ ಕೊಡುತ್ತವೆ. ಹುಟ್ಟಿನಿಂದಲೇ ಬಾರದ ಮಾತಿಗೆ ಕೊಡುವುದಿಲ್ಲ. ಬೆಳವಣಿಗೆಯ ವಿಳಂಬವೆಂಬ ಒಂದು ಸಾಲು ಹೊರತುಗಳ ಪಟ್ಟಿಯಲ್ಲಿ ಅಡಗಿರುತ್ತದೆ. ಹತ್ತು ಅವಧಿ ಮುಗಿದ ಮೇಲೆ ಅದನ್ನು ಓದುವ ಬದಲು ಮೊದಲೇ ಓದಿ. ನುಂಗುವ ತೊಂದರೆ ಅಥವಾ ಕಿವಿಯ ತೊಂದರೆ ಇದ್ದರೆ ವೈದ್ಯರ ಪತ್ರದಲ್ಲಿ ಅದನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. ಅವುಗಳಿಗೆ ಒಪ್ಪಿಗೆ ದೊರೆಯುವ ಸಂಭವ ಹೆಚ್ಚು.

ಹಣದ ಮಾತು ಬಂದಾಗ ಮತ್ತೊಂದನ್ನು ಹೇಳದೆ ಇರಲಾರೆವು. ಸ್ವಲೀನತೆಗೆ ಕಾಂಡಕೋಶ ಚಿಕಿತ್ಸೆಯೆಂದು ಜಾಹೀರಾತು ನೋಡಿ ಇಲ್ಲಿಂದ ಭಾರತಕ್ಕೆ ವಿಮಾನ ಹತ್ತಿದವರಿದ್ದಾರೆ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿಯು 2022ರ ಡಿಸೆಂಬರಿನಲ್ಲಿಯೇ ಸ್ವಲೀನತೆಗೆ ಇದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದೆಂದೂ ಹಾಗೆ ಪ್ರಚಾರ ಮಾಡುವುದು ವೃತ್ತಿಯ ದುರ್ನಡತೆಯೆಂದೂ ತಿಳಿಸಿದೆ. ಲಕ್ಷಾಂತರ ರೂಪಾಯಿ ತೆರುವ ಮುನ್ನ ಇದು ತಮ್ಮ ನೆನಪಿನಲ್ಲಿರಲಿ.

"ಕಾದು ನೋಡೋಣ, ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು" ಎಂಬ ಸಮಾಧಾನವನ್ನೂ ಬಿಡಬೇಕು. ವರ್ಷ ತುಂಬಿದರೂ ಬೆರಳಿಟ್ಟು ತೋರಿಸದ, ಟಾಟಾ ಮಾಡದ ಮಗು. ಒಂದೂವರೆ ವರ್ಷಕ್ಕೆ ಒಂದು ಶಬ್ದವೂ ಬಾರದ ಮಗು. ಎರಡು ವರ್ಷಕ್ಕೆ ಎರಡು ಶಬ್ದ ಜೋಡಿಸದ ಮಗು. ಯಾವ ವಯಸ್ಸಿನಲ್ಲಾಗಲಿ ಬಂದಿದ್ದ ಮಾತನ್ನು ಕಳೆದುಕೊಂಡ ಮಗು. ಇವರನ್ನು ತೋರಿಸಲು ಮುಂದಿನ ರಜೆಯವರೆಗೆ ಕಾಯಬೇಡಿ. ತೋರಿಸಿದ ಮೇಲೆ ಏನೂ ತೊಂದರೆಯಿಲ್ಲವೆಂದು ತಿಳಿದರೆ ನಷ್ಟವಾದದ್ದು ಒಂದು ಮಧ್ಯಾಹ್ನ.

ಆರಂಭದಲ್ಲಿ ಹೇಳಿದ ಹುಡುಗನ ವಿಚಾರವನ್ನು ಕೆಲವರು ಕೇಳುವಿರಿ. ಒಂಬತ್ತನೆಯ ವಯಸ್ಸಿನಲ್ಲಿ ಅವನ ಮನೆಗೆ ಕನ್ನಡ ಮರಳಿತು. ಪವಾಡವೇನೂ ನಡೆಯಲಿಲ್ಲ. ಒಂದು ವರ್ಷದಲ್ಲಿ ಎರಡು ಮೂರು ಶಬ್ದಗಳ ವಾಕ್ಯ ಬಂದಿತು, ಕನ್ನಡ ಇಂಗ್ಲಿಷ್ ಬೆರೆತು. ಶಾಲೆಯ ಇಂಗ್ಲಿಷ್ ಕಡಿಮೆಯಾಗಲಿಲ್ಲ, ಹೆಚ್ಚಿತು. ಈಗ ಅವನಿಗೆ ಇಪ್ಪತ್ತನಾಲ್ಕು ದಾಟಿದೆ. 2022ರಿಂದ ಇಂತಹ ಮಕ್ಕಳನ್ನು ವಯಸ್ಸಿನ ಮಿತಿಯಿಲ್ಲದೆ ತಂದೆತಾಯಿಯರು ತಮ್ಮ ವೀಸಾದಡಿ ಇರಿಸಿಕೊಳ್ಳಬಹುದಾದುದರಿಂದ ಅಬುಧಾಬಿಯಲ್ಲಿಯೇ ಅವರೊಡನೆ ಇದ್ದಾನೆ. ಪ್ರತಿ ಭಾನುವಾರ ಅಜ್ಜಿಗೆ ವಿಡಿಯೋ ಕರೆ ಮಾಡಿ "ಅಜ್ಜಿ, ಊಟ ಆಯ್ತಾ?" ಎಂದು ಕೇಳುತ್ತಾನೆ. ಅಜ್ಜಿಯ ಕಿವಿ ಈಗ ಮಂದವಾಗಿದೆ. ಪಕ್ಕದಲ್ಲಿ ಕುಳಿತ ಮೊಮ್ಮಗಳು ಅವನ ಪ್ರಶ್ನೆಯನ್ನು ಅವರ ಕಿವಿಯ ಬಳಿ ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಸಭೆ ಮುಗಿದ ಮೇಲೆ ಒಂದು ಗಂಟೆಯ ಕಾಲ ನಾವು ಹಿಂದಿನ ಕೋಣೆಯಲ್ಲಿ ಇರುತ್ತೇವೆ. ಮಗುವಿನ ವರದಿ, ವಿಮಾಪತ್ರ ತಂದವರು ತೋರಿಸಬಹುದು. ಇಲ್ಲಿಗೆ ಬಾರದ ಕುಟುಂಬಗಳ ಪರಿಚಯ ತಮಗಿದ್ದರೆ ನಮ್ಮ ದೂರವಾಣಿ ಸಂಖ್ಯೆ ಕಾರ್ಯದರ್ಶಿಗಳ ಬಳಿ ಇದೆ, ಅವರಿಗೆ ಕೊಡಿ. ಮಗುವಿಗೆ ಎಷ್ಟು ವರ್ಷವೆಂದು ತಾವು ಕೇಳಬೇಡಿ, ಅದನ್ನು ನಾವು ಕೇಳಿಕೊಳ್ಳುತ್ತೇವೆ.